ಅಕ್ಕಿ ನೆನೆಹಾಕದ ದಿನ

"ಹಿಟ್ಟು ರುಬ್ಬುವವನ ಮಗ ಬಿ.ಎ. ಮಾಡುದಾ? ನಮ್ಮ ಕುಟುಂಬದಲ್ಲಿ ಆಗುವ ಮಾತಲ್ಲ ಅದು" ಎಂದವರು ನನ್ನ ಚಿಕ್ಕಪ್ಪ. ಅರವತ್ತರ ದಶಕದಲ್ಲಿ ಬರೋಡಾದ ನಮ್ಮ ಉಡುಪಿ ಹೋಟೆಲಿಗೆ ಅವರೇ ಯಜಮಾನರು. ಅವರ ಸ್ವಂತ ಅಣ್ಣ, ನನ್ನ ಅಪ್ಪ, ಅಲ್ಲಿ ರುಬ್ಬುವ ಕಲ್ಲಿನ ಮುಂದೆ.

ನಮ್ಮಲ್ಲಿ ಮೊದಲು ಬಿ.ಎ. ಮಾಡಿದವನು ನಾನು. ಹೇಳಿಕೊಳ್ಳಲು ಸಂಕೋಚವಿಲ್ಲ. ಅಪ್ಪನಿಗೆ ಅಕ್ಷರ ಬಾರದು. ಆದರೂ ರುಬ್ಬುವಾಗ ನನ್ನಿಂದ ಇಂಗ್ಲಿಷ್ ಪಾಠ ಗಟ್ಟಿಯಾಗಿ ಓದಿಸುತ್ತಿದ್ದರು. ನಾನು ತಡವರಿಸಿದರೆ ಅವರ ಕೈಯೂ ನಿಲ್ಲುತ್ತಿತ್ತು. "ಓದು ಮಗ, ಹಿಟ್ಟು ಹುಳಿ ಬರ್ತದೆ."

ಗಾಳಿ ತಿಳಿಯಾದ ದಿನ ಹೋಟೆಲಿನ ತಾರಸಿಯಿಂದ ಪಾವಾಗಢ ಬೆಟ್ಟ ಕಾಣುತ್ತಿತ್ತು. ಅಪ್ಪ ಅಲ್ಲಿಗೆ ಒಮ್ಮೆಯೂ ಹೋಗಿರಲಿಲ್ಲ. ಬೆಳಿಗ್ಗೆ ನೆನೆಹಾಕಿದ ಅಕ್ಕಿಯನ್ನು ಮಧ್ಯಾಹ್ನ ರುಬ್ಬಲೇಬೇಕು, ಅದಕ್ಕೆ ರಜೆಯಿಲ್ಲ. "ನೀನು ಪಾಸಾದ ದಿನ ಅಕ್ಕಿ ನೆನೆಹಾಕುದಿಲ್ಲ. ಇಬ್ಬರೂ ಹತ್ತುವ. ಮೇಲಿಂದ ನಮ್ಮ ಒಲೆಯ ಹೊಗೆ ಕಾಣ್ತದಾ ನೋಡ್ಬೇಕು" ಎಂದು ಎಲ್ಲರೆದುರೂ ಹೇಳುತ್ತಿದ್ದರು.

ಕೊನೆಯ ವರ್ಷ ಒಂದು ದಿನ, "ಈಗಲೇ ಹೋಗಿ ಬರುವನಾ?" ಎಂದು ಅವರೇ ಕೇಳಿದರು.

"ಪರೀಕ್ಷೆ ಮುಗೀಲಿ ಅಪ್ಪ" ಎಂದೆ.

ಪರೀಕ್ಷೆ ಮುಗಿಯಿತು. ಫಲಿತಾಂಶ ಬರುವ ಮೊದಲೇ ಅಪ್ಪ ರುಬ್ಬುತ್ತಿದ್ದಂತೆಯೇ ಎದೆ ಹಿಡಿದುಕೊಂಡು ಒರಗಿದರು, ಮತ್ತೆ ಏಳಲಿಲ್ಲ. ಸುಡುಗಾಡಿನಿಂದ ಮರಳಿದಾಗ ಅರ್ಧ ರುಬ್ಬಿದ ಹಿಟ್ಟು ಕಲ್ಲಿನಲ್ಲಿ ಒಣಗಿ ಬಿರುಕು ಬಿಟ್ಟಿತ್ತು. ತೊಳೆದವನು ನಾನೇ.

ಪದವಿ ಪತ್ರ ಬಂತೆಂದು ಚಿಕ್ಕಪ್ಪನಿಗೆ ಹೇಳಿದೆ. ಮರುದಿನ ಬೆಳಿಗ್ಗೆ ನೋಡಿದರೆ ಹೋಟೆಲಿನ ಬಾಗಿಲು ಹಾಕಿತ್ತು, ಅಕ್ಕಿ ನೆನೆಹಾಕುವ ಪಾತ್ರೆ ಕವುಚಿ ಹಾಕಿತ್ತು.

"ಹೊರಡು. ಆ ಪತ್ರವನ್ನೂ ತಕೋ" ಎಂದರು ಚಿಕ್ಕಪ್ಪ.

ಬಸ್ಸಿಳಿದು ಬೆಟ್ಟ ಹತ್ತಿದೆವು. ತೇಗದ ಮರಗಳು ಎಲೆ ಉದುರಿಸಿ ನಿಂತಿದ್ದವು. ಹಾಳುಬಿದ್ದ ಕೋಟೆಗೋಡೆಯ ಮೇಲೆ ಕರಿಮುಖದ ಮುಸುವಗಳು ಕೂತು ನಮ್ಮನ್ನೇ ನೋಡುತ್ತಿದ್ದವು. ಚಿಕ್ಕಪ್ಪ ಹತ್ತು ಮೆಟ್ಟಿಲಿಗೊಮ್ಮೆ ಕೂತರು.

"ಅಣ್ಣ ಆಗಿದ್ರೆ ಓಡ್ತಿದ್ದ. ಅವನ ರಟ್ಟೆ ನೋಡಿದ್ದೀಯಲ್ಲ."

"ರಟ್ಟೆಯಿಂದ ಬೆಟ್ಟ ಹತ್ತುದಾ ಚಿಕ್ಕಪ್ಪ?" ಎಂದೆ. ಇಬ್ಬರಿಗೂ ನಗು ಬಂತು. ಅದು ಹೆಚ್ಚು ಹೊತ್ತು ನಿಲ್ಲಲಿಲ್ಲ.

ತುದಿಯ ಬಂಡೆಯ ಬಳಿ ಅವರು ಕೈ ಚಾಚಿದರು. ಅಪ್ಪನ ಪಂಚೆಯಲ್ಲಿ ಸುತ್ತಿ ತಂದಿದ್ದ ಪದವಿ ಪತ್ರ ಕೊಟ್ಟೆ. ಅವರು ಓದಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಬರೋಡಾದ ಕಡೆ ತಿರುಗಿ ನಿಂತರು. ಕೆಳಗೆ ಬರೀ ಮಬ್ಬು.

"ಹೊಗೆ ಕಾಣುದು ಹೇಗೆ ಮಾರಾಯ," ಎಂದರು, "ಇವತ್ತು ನಾವು ಒಲೆಯೇ ಹಚ್ಚಲಿಲ್ಲವಲ್ಲ."