ಗೆರೆಯ ಕೆಳಗೆ ಹೋದ ಮನೆ

ಬೀದಿಯವರೆಲ್ಲ ಗೆರೆ ಚಿಕ್ಕಪ್ಪ ಎನ್ನುತ್ತಿದ್ದ ನಕ್ಷೆಗಾರನ ಕೈ ಎಷ್ಟು ನೇರವೆಂದರೆ, ಅವನು ನೆಲದ ಮೇಲೆ ಗೆರೆ ಎಳೆದರೆ ಇರುವೆಗಳು ಅದನ್ನು ಗೋಡೆ ಎಂದುಕೊಂಡು ವಾಪಸು ಹೋಗುತ್ತಿದ್ದವು. ನಂಬದಿದ್ದರೆ ಬಿಡಿ, ಇರುವೆಗಳೇನೂ ಬಂದು ಸಾಕ್ಷಿ ಹೇಳುವುದಿಲ್ಲ. ಒಮ್ಮೆ ದೊಡ್ಡ ನಕ್ಷೆಯೊಂದನ್ನು ನೆಲದ ಮೇಲೆ ಹಾಸಿ ಅದರಲ್ಲಿ ಬಾವಿ ಬರೆದಿದ್ದನಂತೆ. ಕಚೇರಿಯ ಜವಾನ ಚಹಾದ ತಟ್ಟೆ ಹಿಡಿದು ಬಂದವನು ಆ ಬಾವಿಯನ್ನು ಸುತ್ತಿ ಬಳಸಿ ನಡೆದನಂತೆ. ಇದನ್ನು ಜವಾನನೇ ಹೇಳಿದ್ದು. ಅವನು ಅರ್ಧ ಸುಳ್ಳು ಹೇಳುವ ಮನುಷ್ಯ, ಉಳಿದರ್ಧ ನಿಜವಿರಬೇಕು.

ಊರಿನ ಕಚೇರಿಯಲ್ಲಿ ನಕ್ಷೆ ಕೋಣೆ ಎಂದು ಒಂದಿತ್ತು. ಒಂದು ಕಿಟಕಿ, ಇಳಿಜಾರು ಮೇಜು, ಗೋಡೆಯುದ್ದಕ್ಕೂ ಸುರುಳಿ ಸುತ್ತಿಟ್ಟ ಕಾಗದ. ಇಪ್ಪತ್ತಾರು ವರ್ಷ ಚಿಕ್ಕಪ್ಪ ಅಲ್ಲಿ ಕೂತು ಊರಿನ ಪ್ರತಿ ಬೀದಿ, ಪ್ರತಿ ಚರಂಡಿ, ಪ್ರತಿ ತಿರುವನ್ನೂ ಶಾಯಿಗೆ ಇಳಿಸಿದ್ದ. ಇಡೀ ಊರು ಅವನ ಮೇಜಿನ ಮೇಲಿತ್ತು. ಅದರಲ್ಲಿ ಇಲ್ಲದ್ದು ಒಂದೇ ಮನೆ, ಅವನದು.

ಅದರ ಕಥೆ ಹೀಗೆ. ಅಪ್ಪನ ಮನೆ ಪಾಲಾದಾಗ ಬೀದಿಗೆ ಮುಖ ಮಾಡಿದ ಭಾಗ ಅಣ್ಣನಿಗೆ ಹೋಯಿತು. ಬೀಗದ ಅಂಗಡಿ ಇಟ್ಟಿದ್ದ ಅವನನ್ನು ಬೀದಿಯೆಲ್ಲ ದೊಡ್ಡಪ್ಪ ಎನ್ನುತ್ತಿತ್ತು. ಹಿಂದಿನ ಎರಡು ಕೋಣೆ ಚಿಕ್ಕಪ್ಪನಿಗೆ ಬಂತು. ಅಲ್ಲಿಗೆ ಹೋಗಲು ಪಕ್ಕದಲ್ಲಿ ಒಂದು ಸಂದಿ, ದಪ್ಪನೆಯವರು ಉಸಿರು ಬಿಗಿಹಿಡಿದು ನಡೆಯಬೇಕಾದಷ್ಟು ಅಗಲ. ಹತ್ತು ವರ್ಷದ ಹಿಂದೆ ಜನಗಣತಿಯವರು ಬಂದಾಗ ಚಿಕ್ಕಪ್ಪ ಕಚೇರಿಯಲ್ಲಿದ್ದ, ಹೆಂಡತಿ ಮಕ್ಕಳೊಂದಿಗೆ ತವರಲ್ಲಿದ್ದಳು. ಗಣತಿಯವನು ಸಂದಿಯೊಳಗೆ ಇಣುಕಿ, "ಹಿಂದೆ ಯಾರಿದ್ದಾರೆ?" ಎಂದು ಕೇಳಿದ. ಜಗಲಿಯ ಮೇಲೆ ಕೂತಿದ್ದ ದೊಡ್ಡಪ್ಪ, "ಸೌದೆ ಇಟ್ಟಿದ್ದೀವಿ ಅಷ್ಟೆ, ಬಿಸಿಲಲ್ಲಿ ಯಾಕೆ ಸುಮ್ನೆ ಹೋಗ್ತೀರಿ?" ಎಂದ. ಗಣತಿಯವನು ಮುಂದಿನ ಬಾಗಿಲಿಗೆ ಮಾತ್ರ ನಂಬರು ಬರೆದು ಹೊರಟುಹೋದ.

ಚಿಕ್ಕಪ್ಪನಿಗೆ ಗೊತ್ತಾಗಿದ್ದು ತಿಂಗಳ ಮೇಲೆ, ಪಟ್ಟಿ ಅವನದೇ ಮೇಜಿಗೆ ಬಂದಾಗ. ಎಂಬತ್ತೆಂಟು, ಅಣ್ಣನ ಮನೆ. ಎಂಬತ್ತೊಂಬತ್ತು, ಅದರಾಚೆಯ ಮನೆ. ನಡುವೆ ಹೆಂಡತಿ, ಎರಡು ಮಕ್ಕಳು, ತಾನು ಎಲ್ಲರೂ ಮಾಯ. ಸೇರಿಸುವ ಗಡುವು ಮುಗಿದು ಪಟ್ಟಿ ಮುಚ್ಚಿಹೋಗಿತ್ತು, ಪಟ್ಟಿಯಲ್ಲಿ ಇಲ್ಲದ ಮನೆಯನ್ನು ನಕ್ಷೆಯಲ್ಲೂ ಬರೆಯುವಂತಿರಲಿಲ್ಲ. ನಲ್ಲಿ ಕೊಡುವವರು ಆ ಪಟ್ಟಿಯನ್ನೇ ಹಿಡಿದು ಬಂದರು, ನಂಬರಿಲ್ಲದ ಮನೆಗೆ ನಲ್ಲಿ ಇಲ್ಲವೆಂದರು. ಕಾಗದಪತ್ರಗಳೆಲ್ಲ ಅಣ್ಣನ ಬಾಗಿಲಿಗೆ ಹೋಗಿ, ಅಣ್ಣನಿಗೆ ಮನಸ್ಸು ಬಂದಾಗ ಹಿಂದಕ್ಕೆ ಬರುತ್ತಿದ್ದವು. ಮಗಳ ಪರೀಕ್ಷೆಯ ಕರೆಪತ್ರ ಬಂದದ್ದು ಪರೀಕ್ಷೆ ಮುಗಿದ ಮೂರನೆಯ ದಿನ.

"ಮರೆತುಬಿಟ್ಟೆ ಕಣೋ," ಎಂದಿದ್ದ ದೊಡ್ಡಪ್ಪ.

ಅವತ್ತು ಚಿಕ್ಕಪ್ಪ ಹಲ್ಲು ಕಚ್ಚಿಕೊಂಡು ಮನೆಗೆ ಬಂದು ಹೆಂಡತಿಗೆ ಹೇಳಿದ: "ಮುಂದಿನ ಗಣತಿ ಬರ್ಲಿ. ಇಲ್ಲದೇ ಇರೋದು ಅಂದ್ರೆ ಏನು ಅಂತ ಅವನಿಗೂ ತೋರಿಸ್ತೀನಿ."

"ನೀವಾ? ಸೊಳ್ಳೆ ಹೊಡೆಯೋಕೂ ನನ್ನನ್ನೇ ಕರೀತೀರಿ," ಎಂದಳು ಚಿಕ್ಕಮ್ಮ.

ಮುಂದಿನ ಗಣತಿ ಬಂತು. ಊರನ್ನು ಬ್ಲಾಕುಗಳಾಗಿ ಕತ್ತರಿಸಿ, ಒಂದೊಂದು ಬ್ಲಾಕು ಎಲ್ಲಿಂದ ಎಲ್ಲಿಯವರೆಗೆ ಎಂದು ನಕ್ಷೆ ಮಾಡಿ, ಪಕ್ಕದಲ್ಲಿ ಗಡಿಯ ವಿವರ ಬರೆಯುವ ಕೆಲಸ ಚಿಕ್ಕಪ್ಪನಿಗೇ ಬಿತ್ತು. ಬ್ಲಾಕಿಗೊಬ್ಬ ಗಣತಿದಾರ. ತನ್ನ ಗಡಿ ದಾಟಿ ಒಂದು ಹೆಜ್ಜೆಯೂ ಇಡಬಾರದು, ಯಾರನ್ನೂ ಎರಡು ಸಲ ಎಣಿಸಬಾರದು ಎಂದು ಕಟ್ಟುನಿಟ್ಟು.

ಅವರ ಬೀದಿಯ ಹಾಳೆ ಮೇಜಿಗೆ ಬಂದ ದಿನ ಚಿಕ್ಕಪ್ಪ ಊಟಕ್ಕೇ ಏಳಲಿಲ್ಲ. ಅಣ್ಣನ ಮನೆಯ ಎಡಕ್ಕೆ ದರ್ಜಿಯ ಅಂಗಡಿ, ಬಲಕ್ಕೆ ಸಂದಿ. ಹದಿನಾಲ್ಕನೆಯ ಬ್ಲಾಕಿಗೆ ಅವನು ಬರೆದ: 'ದರ್ಜಿ ಅಂಗಡಿಯ ಗೋಡೆಯವರೆಗೆ.' ಹದಿನೈದನೆಯದಕ್ಕೆ ಬರೆದ: 'ಸಂದಿಯಿಂದ ಆರಂಭ, ಸಂದಿಯೊಳಗಿನ ಮನೆ ಮೊದಲನೆಯದು.' ನಡುವೆ ಉಳಿದದ್ದು ಅಣ್ಣನ ಮನೆ. ಅದಕ್ಕೆ ಡಬ್ಬಿಯಲ್ಲಿದ್ದ ಅತಿ ದಪ್ಪ ನಿಬ್ಬು ತೆಗೆದ, ಶಾಯಿಯಲ್ಲಿ ಅದ್ದಿದ. ಕಾಗದದ ಮೇಲೆ ಹಿಡಿದ. ಮಗಳ ಕರೆಪತ್ರ ನೆನಪಾಯಿತು. ಬ್ಲಾಕಿನ ಗಡಿಗೆರೆ ಎಳೆದ. ಜಗಲಿ, ನಡುಮನೆ, ಅಡುಗೆಮನೆ ಎಲ್ಲ ಗೆರೆಯ ಕೆಳಗೆ ಹೋದವು.

ಮೇಲಧಿಕಾರಿ ಅಮ್ಮ ಕನ್ನಡಕ ಏರಿಸಿ ನೋಡಿದಳು. "ಇದೇನ್ರೀ, ಇಲ್ಲಿ ಗೆರೆ ಇಷ್ಟು ದಪ್ಪ ಆಗಿದೆ?"

"ನಿಬ್ಬು ಒತ್ತಿಬಿಡ್ತು ಮೇಡಂ. ವಯಸ್ಸಾಯ್ತು."

"ನಿಮಗೋ, ನಿಬ್ಬಿಗೋ?" ಎಂದು ನಕ್ಕು ಸಹಿ ಹಾಕಿದಳು. ಇಪ್ಪತ್ತಾರು ವರ್ಷದ ಕೈಯನ್ನು ಅನುಮಾನಿಸುವವರು ಯಾರು?

ಎಣಿಕೆಯ ಬೆಳಿಗ್ಗೆ ದೊಡ್ಡಪ್ಪ ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಅಂಗಿ ತೊಟ್ಟು ಜಗಲಿಯ ಮೇಲೆ ಕೂತ. ಗಣತಿಯವರನ್ನು ಕೂರಿಸಲು ಕುರ್ಚಿ ಬೇರೆ ಹಾಕಿಸಿದ್ದ. ಹದಿನಾಲ್ಕನೆಯ ಬ್ಲಾಕಿನ ಗಣತಿಗೆ ಬಂದಿದ್ದ ಮೇಷ್ಟ್ರು ದರ್ಜಿಯ ಹತ್ತಿರ ಎಲ್ಲ ಬರೆದುಕೊಂಡು, ನಕ್ಷೆ ಮಡಚಿ ವಾಪಸು ತಿರುಗಿದರು.

"ಮೇಷ್ಟ್ರೇ, ಇಲ್ಲಿ, ಇಲ್ಲಿ!"

"ನನ್ನ ಗಡಿ ದರ್ಜಿ ಗೋಡೆಗೇ ಮುಗೀತು ಸ್ವಾಮಿ. ನಿಮ್ಮದು ಆ ಕಡೆಯವರು ಬರ್ಕೋತಾರೆ."

ಆ ಕಡೆಯ ಟೀಚರಮ್ಮ ಬಂದಳು. ಕುರ್ಚಿಯ ಪಕ್ಕದಲ್ಲೇ ಹಾದು ಸಂದಿಯೊಳಗೆ ಹೋದಳು. ಚಿಕ್ಕಪ್ಪನ ಬಾಗಿಲ ಮೇಲೆ ದೊಡ್ಡದಾಗಿ ಒಂದು ಎಂದು ಬರೆದು, ನಾಲ್ಕೂ ಜನರ ಹೆಸರು ಬರೆದುಕೊಂಡು ಹೊರಬಂದಳು. ದೊಡ್ಡಪ್ಪ ಅಡ್ಡ ನಿಂತ.

"ನಮ್ಮನ್ನ ಬಿಟ್ಟಿರಲ್ಲಮ್ಮ!"

ಅವಳು ನಕ್ಷೆ ಬಿಡಿಸಿ, ತಿರುಗಿಸಿ ನೋಡಿದಳು. "ನೀವೇ ನೋಡಿ ಸಾರ್. ಇಲ್ಲಿ ಗೆರೆ ಇದೆ, ಮನೆ ಇಲ್ಲ."

"ನಾನು ಇಲ್ಲಿ ನಿಂತಿದ್ದೀನಲ್ಲಮ್ಮಾ!"

"ನಿಂತಿದ್ದೀರಿ, ಸರಿ. ಆದ್ರೆ ಗೆರೆ ಮೇಲೆ ನಿಂತಿದ್ದೀರಿ."

ದರ್ಜಿಯ ಅಂಗಡಿಯಲ್ಲಿ ನಗು ಎಷ್ಟು ಜೋರಾಗಿ ಎದ್ದಿತೆಂದರೆ, ಹೊಲಿಗೆ ಯಂತ್ರ ತನ್ನಷ್ಟಕ್ಕೇ ನಾಲ್ಕು ಹೊಲಿಗೆ ಹಾಕಿತೆಂದು ಹೇಳುವವರಿದ್ದಾರೆ. ಬಿಟ್ಟುಹೋದ ಮನೆ ಸೇರಿಸಬೇಕಾದರೆ ಬರವಣಿಗೆಯಲ್ಲಿ ಅರ್ಜಿ ಕೊಡಬೇಕು, ಎರಡೂ ಪಕ್ಕದ ಮನೆಯವರು ಸಹಿ ಹಾಕಬೇಕು, ಐದು ದಿನ ಗಡುವು ಎಂದು ಹೇಳಿ ಟೀಚರಮ್ಮ ಮುಂದೆ ಹೋದಳು. ದರ್ಜಿ ನಗುತ್ತಲೇ ಸಹಿ ಹಾಕಿದ. ಇನ್ನೊಂದು ಪಕ್ಕ ಎಂದರೆ ಸಂದಿ, ಸಂದಿ ಎಂದರೆ ತಮ್ಮ.

ನಾಲ್ಕು ದಿನ ದೊಡ್ಡಪ್ಪ ಬಿಗುಮಾನದಲ್ಲೇ ಕಳೆದ. ಐದನೆಯ ದಿನ ಸಂದಿಗೆ ಇಳಿದ. ಹೊಟ್ಟೆ ಎರಡೂ ಗೋಡೆಗೆ ಉಜ್ಜಿ, ಇಸ್ತ್ರಿ ಅಂಗಿಯ ಮೇಲೆ ಸುಣ್ಣ ಮೆತ್ತಿಕೊಂಡಿತ್ತು. ಚಿಕ್ಕಪ್ಪ ಬಾಗಿಲಲ್ಲೇ ನಿಂತಿದ್ದ, ಒಳಗೆ ಬಾ ಎನ್ನಲಿಲ್ಲ.

"ಲೋ, ಇದು ನಿನ್ನ ಕೈಕೆಲಸ ಅಂತ ನಂಗೊತ್ತು. ದೂರು ಕೊಟ್ರೆ ನಿನ್ನ ಕೆಲಸ ಹೋಗತ್ತೆ."

"ಕೊಡು. ಹೋದ ಸಲ ನೀನು ಬರೆಸಿದ್ದನ್ನೂ ಅದರಲ್ಲೇ ಸೇರಿಸ್ತೀನಿ. ಇಬ್ಬರೂ ಒಟ್ಟಿಗೇ ಹೋಗೋಣ."

ದೊಡ್ಡಪ್ಪ ಅಂಗಿಯ ಸುಣ್ಣ ಕೊಡವಿಕೊಂಡ. "ಏನು ಬೇಕು ನಿಂಗೆ?"

"ಹೋದ ಸಲ ಏನಾಯ್ತು ಅಂತ ನಿನ್ನ ಕೈಯಾರೆ ಬರೆದುಕೊಡು. ಆಮೇಲೆ ಸಹಿ."

ದೊಡ್ಡಪ್ಪ ಕಾಗದವನ್ನು ಗೋಡೆಗೆ ಒತ್ತಿ ಬರೆದ: ಹಿಂದೆ ಮನೆ ಇರುವುದು ಗೊತ್ತಿರಲಿಲ್ಲ. ಚಿಕ್ಕಪ್ಪ ಓದಿ ಹರಿದುಹಾಕಿದ. ಎರಡನೆಯ ಸಲ: ಹೇಳಲು ಮರೆತೆ. ಅದನ್ನು ಒಳಗಿನಿಂದ ಬಂದ ಚಿಕ್ಕಮ್ಮ ಹರಿದಳು.

"ಭಾವ, ಕಾಗದ ನಮ್ಮನೇಲಿ ಬೇಕಾದಷ್ಟಿದೆ. ನಿಧಾನವಾಗಿ ಬರೀರಿ."

ಮೂರನೆಯ ಕಾಗದದಲ್ಲಿ ಅವನು ಬರೆದ: ಗೊತ್ತಿದ್ದೂ ಸುಳ್ಳು ಹೇಳಿದೆ. ಬರೆಯುವಾಗ ಕಿವಿ ಕೆಂಪಗಾಗಿತ್ತು. ಚಿಕ್ಕಪ್ಪ ಅದನ್ನು ಮಡಚಿ ಜೇಬಿಗಿಟ್ಟುಕೊಂಡು ಅರ್ಜಿಗೆ ಸಹಿ ಹಾಕಿದ. ಹತ್ತು ವರ್ಷದ ಉರಿ ಆರಬೇಕಿತ್ತು. ಆರಲಿಲ್ಲ.

ಅರ್ಜಿ ಕಚೇರಿಗೆ ಬಂದಾಗ ಮೇಲಧಿಕಾರಿ ಅಮ್ಮ ಅದನ್ನು ಅವನ ಮೇಜಿಗೇ ಕಳಿಸಿದಳು. ಬಿಟ್ಟ ಮನೆಗೆ ಪಕ್ಕದ ಮನೆಯ ನಂಬರನ್ನೇ ಕೊಟ್ಟು ಅದಕ್ಕೊಂದು ಅಕ್ಷರದ ಬಾಲ ಸೇರಿಸುವುದು ಅಲ್ಲಿಯ ಪದ್ಧತಿ. ಯಾವ ಪಕ್ಕ ಎಂಬುದು ನಕ್ಷೆಯವನಿಗೆ ಬಿಟ್ಟದ್ದು. ದರ್ಜಿಯ ನಂಬರೂ ಕೊಡಬಹುದಿತ್ತು. ಚಿಕ್ಕಪ್ಪ ಸಣ್ಣ ನಿಬ್ಬು ತೆಗೆದು ಬರೆದ: 1/ಅ.

ಮರುದಿನ ಟೀಚರಮ್ಮ ಅದನ್ನೇ ದೊಡ್ಡಪ್ಪನ ತೇಗದ ಬಾಗಿಲ ಮೇಲೆ ಬರೆದಳು. ಸಂಜೆ ದೊಡ್ಡಪ್ಪ ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದ. ಬೆಳಿಗ್ಗೆ ಅವಳು ಬಂದು, ನಂಬರು ಅಳಿಸುವುದು ಅಪರಾಧವೆಂದು ಬೀದಿಗೆಲ್ಲ ಕೇಳುವಂತೆ ಗದರಿ, ಮೊದಲಿಗಿಂತ ಎರಡರಷ್ಟು ದೊಡ್ಡದಾಗಿ ಬರೆದು ಹೋದಳು.

ದೊಡ್ಡಪ್ಪ ಮತ್ತೆ ಸಂದಿಗೆ ಇಳಿದ. "ಅಪ್ಪನ ಮನೆ ಕಣೋ ಅದು. ನಿನ್ನ ಹಿತ್ತಲ ಕೋಣೆಯ ಬಾಲ ಅಂತ ಬರೆದಿದ್ದೀಯಲ್ಲ! ಆ 'ಅ'ನಾದ್ರೂ ತೆಗೆಸೋ."

"ಪಟ್ಟಿ ಮುಚ್ಚಿದೆ ಅಣ್ಣ," ಎಂದ ಚಿಕ್ಕಪ್ಪ. ಇಷ್ಟು ಮೆತ್ತಗೆ ಅವನು ಯಾವತ್ತೂ ಮಾತಾಡಿರಲಿಲ್ಲ. "ಮುಂದಿನ ಗಣತಿಗೆ ಅರ್ಜಿ ಕೊಡು. ಅಷ್ಟರಲ್ಲಿ ನಾನು ನಿವೃತ್ತಿ ಆಗಿರ್ತೀನಿ. ಹೊಸಬನಿಗೆ ಗೆರೆ ಎಳೆಯೋದು ಕಲಿಸ್ತಾ ಇದ್ದೀನಿ."