ಮಡಿಸಿದ ಮೂಲೆ, ಏಳು ಗಂಟೆಯ ವ್ಯಾನು

ಬೆಳಗಿನ ಐದು ಹತ್ತು. ಆಸ್ಪತ್ರೆಗಳ ಬಟ್ಟೆ ಒಗೆಯುವ ಈ ಲಾಂಡ್ರಿಯಲ್ಲಿ ಇಸ್ತ್ರಿಯಂತ್ರ ಇನ್ನೂ ಕಾದಿಲ್ಲ, ಮಾತು ಆಗಲೇ ಕಾದಿದೆ. ಮೇಲ್ವಿಚಾರಕಿ ನಿಂತಲ್ಲಿ ನಿಲ್ಲುತ್ತಿಲ್ಲ. ಬಾಗಿಲಿನಿಂದ ಕಪಾಟಿಗೆ, ಕಪಾಟಿನಿಂದ ಗಡಿಯಾರದ ಕೆಳಗೆ. ಏಳಕ್ಕೆ ವ್ಯಾನು. ಶಸ್ತ್ರಚಿಕಿತ್ಸೆಯ ಕೊಠಡಿಗಳಿಗೆ ಇನ್ನೂರ ನಲವತ್ತು ಹೊದಿಕೆ ಹೋಗಬೇಕು. ಅದರಲ್ಲಿ ಹರಿದವು ಯಾವುವೋ ಯಾರಿಗೂ ಗೊತ್ತಿಲ್ಲ.

"ನಂಗೆ ಗೊತ್ತಿತ್ತು. ಹರಿದಿದ್ದರ ಮೂಲೆ ಮಡಿಸಿಟ್ಟಿದ್ದೆ. ಇಪ್ಪತ್ತೆಂಟು ವರ್ಷದಿಂದ ಅದೇ ಗುರುತು," ಎನ್ನುತ್ತಾರೆ ಇಲ್ಲಿ ಎಲ್ಲರೂ 'ಮಾವ' ಎಂದು ಕರೆಯುವ ಅರವತ್ಮೂರರ ಹಿರಿಯರು. ಒಗೆದ ಬಟ್ಟೆಯ ತೂತನ್ನು ಬೆರಳಲ್ಲೇ ತಡವಿ ಹಿಡಿಯುವವರು.

"ಮೂಲೆ ಮಡಚಿದ್ರೆ ನಾನೇನಂದ್ಕೊಳ್ಲಿ? ನೀಟಾಗಿ ಬಿಡಿಸಿ ಇಸ್ತ್ರಿ ಹೊಡೆದೆ. ಗ್ರೂಪಲ್ಲಿ ಒಂದು ಮೆಸೇಜ್ ಹಾಕಿದ್ರೆ ಏನ್ ಗಂಟು ಹೋಗ್ತಿತ್ತು?" ಎನ್ನುತ್ತಾಳೆ ಯಂತ್ರಕ್ಕೆ ಬಂದು ಮೂರೇ ವಾರವಾದ ಇಪ್ಪತ್ಮೂರರ ಹುಡುಗಿ. ಅವಳಿಗಿಂತ ಹಿಂದೆ ಇದ್ದವರಿಗೆ ಆ ಗುರುತು ತಿಳಿದಿತ್ತು. ಅವಳಿಗೆ ಯಾರೂ ಹೇಳಿಲ್ಲ.

ನಿನ್ನೆ ಒಂದು ಹರಿದ ಹೊದಿಕೆ ಶಸ್ತ್ರಚಿಕಿತ್ಸೆಯ ಮೇಜಿನವರೆಗೂ ಹೋಗಿ ಬಂದಿದೆ. ತಪ್ಪು ಯಾರದೆಂದು ಬರೆದುಕೊಡಲು ಮಾಲೀಕರು ಕೇಳಿದ್ದಾರೆ. ಮಾವನದೆಂದರೆ ಮಾವ ನಾಳೆ ಬರುವುದಿಲ್ಲ. ಹುಡುಗಿಯದೆಂದರೆ ಈ ವರ್ಷ ಕೆಲಸ ಬಿಟ್ಟುಹೋದ ನಾಲ್ಕನೆಯವಳು ಅವಳಾಗುತ್ತಾಳೆ.

ಹತ್ತೊಂಬತ್ತಕ್ಕೆ ಬಟ್ಟೆಗಾಡಿ ತಳ್ಳಲು ಬಂದ ಮೇಲ್ವಿಚಾರಕಿಗೆ ಈಗ ನಲವತ್ತೊಂದು. ಕೈಕೆಳಗಿನ ಹನ್ನೊಂದೂ ಜನಕ್ಕೆ, ಮಾವನಿಗೂ ಸೇರಿ, ಅವರು 'ಅಕ್ಕ'. "ಮಾವಂಗೆ ಮೆಸೇಜ್ ಹಾಕಿದ್ರೆ, 'ಯಾಕೆ, ಬಾಯಿಗೇನಾಗಿದೆ?'" ಎಂದು ಗಂಟಲು ಕೆರೆದು ಥೇಟ್ ಮಾವನೇ ಆಗುತ್ತಾರೆ. ಮರುಕ್ಷಣ ದನಿ ತೆಳುವಾಗುತ್ತದೆ. "ಇವಳಿಗೆ ಫೋನ್ ಮಾಡಿದ್ರೆ, 'ಅಯ್ಯೋ ಅಕ್ಕಾ, ಯಾರಾದ್ರೂ ತೀರ್ಕೊಂಡ್ರಾ?' ಮನೇಲೂ ಅತ್ತೆಗೂ ಮಗಳಿಗೂ ನಡುವೆ ನಂದು ಇದೇ ಡ್ಯೂಟಿ. ಅಲ್ಲಿ ಯೂನಿಫಾರ್ಮ್ ಇಲ್ಲ, ಅಷ್ಟೇ."

ಐದೂವರೆ. ಅಕ್ಕ ಕೆಂಪು ದಾರದ ಉಂಡೆಯನ್ನು ಮೇಜಿನ ಮೇಲೆ ಕುಕ್ಕುತ್ತಾರೆ. "ಎಲ್ಲಾ ಬಿಚ್ಚಿ. ಮಾವ ತಡವಲಿ, ಹರಿದಿದ್ರೆ ಮೂಲೆಗೊಂದು ಹೊಲಿಗೆ. ಅದನ್ನ ಯಾವ ಇಸ್ತ್ರಿನೂ ಅಳಿಸಲ್ಲ."

"ಹೊಲಿಗೆ ನಾನೇ ಹಾಕ್ತೀನಿ," ಎಂದು ಮಾವ ಕನ್ನಡಕ ಹಾಕುತ್ತಾರೆ, ತೆಗೆಯುತ್ತಾರೆ. ದಾರ ಮೂರು ಸಲ ಸೂಜಿಯ ಪಕ್ಕದಲ್ಲೇ ಹಾದುಹೋಗುತ್ತದೆ. ಹುಡುಗಿ ಸೂಜಿ ಕಿತ್ತುಕೊಂಡು ಪೋಣಿಸುತ್ತಾಳೆ. ಅರವತ್ತನೆಯ ಹೊದಿಕೆಗೆ ಅವಳೇ ಕೂಗುತ್ತಾಳೆ: "ತೂತು!"

"ತೂತಲ್ಲ ಕಣಮ್ಮ, ನೂಲಿನ ಗಂಟು. ಕಣ್ಮುಚ್ಚಿ ತಡವು."

ಆರು ಐವತ್ತೆರಡು. ಹರಿದ ಒಂಬತ್ತು ಹೊರಗೆ, ಮೀಸಲಿನ ಒಂಬತ್ತು ಒಳಗೆ, ವ್ಯಾನು ಹೊರಡುತ್ತದೆ. ಮಾಲೀಕರ ಕಾಗದದಲ್ಲಿ ಅಕ್ಕ ಒಂದೇ ಸಾಲು ಬರೆಯುತ್ತಾರೆ: 'ಗುರುತನ್ನು ಎಲ್ಲರಿಗೂ ತಿಳಿಸದೇ ಇದ್ದದ್ದು ನನ್ನ ತಪ್ಪು.'

ಆಸೆ ಏನಾದರೂ ಉಂಟೇ ಎಂದು ಕೇಳಿದರೆ ಅಕ್ಕ ಗಡಿಯಾರ ನೋಡುತ್ತಲೇ ಹೇಳುತ್ತಾರೆ. "ಒಂದಿನ ರಜಾ ಹಾಕ್ಬೇಕು. ಅವತ್ತು ಇವರು ನಂಗೆ ಫೋನ್ ಮಾಡ್ಬಾರ್ದು, ಒಬ್ಬರಿಗೊಬ್ಬರು ಮಾತಾಡ್ಕೋಬೇಕು."

ಅಷ್ಟರಲ್ಲಿ ಫೋನು ಗುರುಗುಡುತ್ತದೆ. ಒಳಗಿನ ಕೋಣೆಯಿಂದ ಹುಡುಗಿಯ ಮೆಸೇಜ್: 'ಮಾವ ಕನ್ನಡಕ ಇಲ್ಲೇ ಮರೆತಿದ್ದಾರೆ. ಅವರಿಗೆ ಹೇಳಿ.' ಅಕ್ಕ ಬೆಳಗಿನಿಂದ ಮೊದಲ ಸಲ ಕೂರುತ್ತಾರೆ. ಒಂದೇ ಬೆರಳಲ್ಲಿ ಒತ್ತುತ್ತಾರೆ: 'ಕೂಗಿ ಹೇಳು.'

ಆಮೇಲೆ ಯಂತ್ರದ ಸದ್ದನ್ನೂ ಮೀರಿ ಕೇಳಿಸುತ್ತದೆ: "ಮಾವಾ!"