ಗಿರಿಜಕ್ಕ ಸೂಜಿಗೆ ಹೆದರಿರಲಿಲ್ಲ

ಗಿರಿಜಕ್ಕ ಕೋವಿಡ್ ಲಸಿಕೆ ಬೇಡ ಅಂದಿರಲಿಲ್ಲ. ಅದು ನಾನು ಹೇಳಿದ ಸುಳ್ಳು. ಅವರ ಬಾಯಿಂದ ಎಂದೂ ಬಾರದ ಮಾತನ್ನು ಅವರ ಹೆಸರಿನ ಮುಂದೆ ಬರೆಸಿದವಳು ನಾನು — ಹೊಸಪೇಟೆಯ ಇದೇ ಮನೆಯಲ್ಲಿ, ಇಸ್ತ್ರಿ ಮಾಡಿದ ಸೀರೆಯುಟ್ಟು, ಫೋನ್ ಹಿಡಿದು, ನಗುನಗುತ್ತಾ. ಇಷ್ಟು ವರ್ಷವಾಯಿತು, ಜನ ಮಾಸ್ಕನ್ನೂ ಮರೆತರು. ನಾನು ಮಾತ್ರ ಒಂದು ದಿನವೂ ಮರೆಯಲಿಲ್ಲ ಅಂತ ಬರೆಯಬಹುದಿತ್ತು... ಅದೂ ಸುಳ್ಳಾಗುತ್ತದೆ. ಎಷ್ಟೋ ದಿನ ಮರೆತು ಆರಾಮವಾಗಿಯೇ ಇದ್ದೆ. ದಟ್ ಈಸ್ ವರ್ಸ್, ಅಲ್ಲವೇ?

ಗಿರಿಜಕ್ಕ ನನ್ನ ಯಜಮಾನರ ಅಕ್ಕ. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವರು. ನಾನು ಬಳ್ಳಾರಿಯ ಕಾನ್ವೆಂಟಿನಲ್ಲಿ ಓದಿ, ತುಂಗಭದ್ರಾ ಡ್ಯಾಮಿನ ಕಾಲುವೆ ಕಚೇರಿಯಲ್ಲಿ ಸ್ಟೆನೋ ಆಗಿದ್ದೆ. ನಾನು ನೌಕರಿ ಮಾಡಲಿಕ್ಕಾದದ್ದು ಅವರು ಮನೆಯಲ್ಲಿದ್ದುದರಿಂದ. ದಿನಾ ಬೆಳಿಗ್ಗೆ ಟಿಫನ್ ಡಬ್ಬಿ ಕೈಗಿಟ್ಟು, "ಜಲ್ದಿ ನಡೀರಿ ಮೇಡಮ್ಮಾರ, ನೀವು ಹೋಗಿ ಗೇಟ್ ಎತ್ತೋತನಕ ಹೊಳಿ ನಿಂತಕೊಂಡಿರತೈತಿ ಪಾಪ" ಅಂತ ಕಾಡುತ್ತಿದ್ದರು. ಮೂವತ್ತು ವರ್ಷ ಆ ಡಬ್ಬಿ ಒಂದು ದಿನ ತಪ್ಪಲಿಲ್ಲ.

ಯಜಮಾನರು ಹೋದ ಮೇಲೆ ನಾವಿಬ್ಬರೇ. ಒಂದು ದಿನ ಅಕ್ಕ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಮತ್ತೆ ಏಳಲಿಲ್ಲ. ಸ್ನಾನ, ಬಟ್ಟೆ, ಊಟ, ಪಾಯಿಖಾನೆ — ಎಲ್ಲಕ್ಕೂ ನನ್ನ ಕೈ ಬೇಕಾಯಿತು. ಲಾಕ್‌ಡೌನಿನಲ್ಲಿ ಕೆಲಸದಾಕೆ ಬರುವುದು ನಿಂತಿತು. ಲಾಕ್‌ಡೌನ್ ತೆಗೆದ ಮೇಲೂ ನಾನು ಅವಳನ್ನು ಕರೆಯಲಿಲ್ಲ. ಯಾಕೆಂದರೆ ಅಷ್ಟು ಹೊತ್ತಿಗೆ ಹುಣ್ಣಾಗಿತ್ತು. ಅಕ್ಕನ ಬೆನ್ನ ಕೆಳಗೆ, ಅಂಗೈಯಷ್ಟು ಅಗಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಅಂತ ಡಾಕ್ಟರು ಮೊದಲೇ ಹೇಳಿದ್ದರು. ನನ್ನ ಮಂಡಿ ನೋವು, ನನ್ನ ವಯಸ್ಸು — ಇಂಥವನ್ನೆಲ್ಲ ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ ಅಸಹ್ಯವಾಗುತ್ತಿತ್ತು. ಕೋಣೆಗೆ ಯೂಡಿಕೋಲೋನ್ ಸೆಂಟು ಚಿಮುಕಿಸಿ, ಅಕ್ಕನಿಗೆ ಹೊದಿಕೆ ಎಳೆದು, ಹೊರಗೆ ಬಂದು ಪೇಪರ್ ಓದುತ್ತಾ ಕೂರುತ್ತಿದ್ದೆ. ದಿನಕ್ಕೊಂದು ಸಲ ಮಗ್ಗುಲು. ಕೆಲವು ದಿನ ಅದೂ ಇಲ್ಲ.

ಲಸಿಕೆ ಬಂತು. ನಾನು ಛತ್ರಿ ಹಿಡಿದುಕೊಂಡು ಸೆಂಟರಿಗೆ ಹೋಗಿ ಎರಡೂ ಡೋಸ್ ಹಾಕಿಸಿಕೊಂಡು ಬಂದೆ. ಫೋನ್ ಮಾಡಿದರೆ ಸಾಕು, ಲಸಿಕೆ ಹಾಕಿಸಿಕೊಳ್ಳಿ ಅನ್ನುವ ದನಿ ಬರುತ್ತಿದ್ದ ಕಾಲ ಅದು, ಅದನ್ನು ಕೇಳಿಸಿಕೊಂಡ ಅಕ್ಕ ದಿನಾ ಕೇಳುವರು — "ನಂದು ಯಾವಾಗವ್ವ?" ಸೂಜಿ ಹಾಕುವಾಕೆ ಬಂದರೆ ತಡವಾಗಬಾರದೆಂದು ತೋಳು ಸಡಿಲವಿದ್ದ ಕುಪ್ಪಸವನ್ನೇ ತೊಡಿಸಿಕೊಳ್ಳುವರು. "ಸ್ಟಾಕ್ ಇಲ್ಲಂತೆ ಅಕ್ಕ" ಅನ್ನುತ್ತಿದ್ದೆ. ಸ್ಟಾಕ್ ಇತ್ತು.

ಆಮೇಲೆ ಹುಲಿಗೆಮ್ಮ ಬಂದಳು. ನಮ್ಮ ಓಣಿಗೆ ಹೊಸಬಳಾದ ಆಶಾ ಕಾರ್ಯಕರ್ತೆ, ಗುಲಾಬಿ ಸೀರೆ, ಕಂಕುಳಲ್ಲಿ ಒಂದು ರಿಜಿಸ್ಟರು. ಎದ್ದು ಓಡಾಡಲಾಗದ ಹಿರಿಯರ ಪಟ್ಟಿ ಮಾಡುತ್ತಿದ್ದಳು.

"ಅಮ್ಮಾರ, ಗಿರಿಜಮ್ಮಾರು ಜಳಕ ತಾವ ಮಾಡ್ಕೊಂತಾರೇನ್ರಿ? ಸಂಡಾಸಿಗೆ ತಾವ ಹೊಕ್ಕಾರೇನ್ರಿ? ಉಣ್ಣಾಕ, ಸೀರಿ ಉಟ್ಕೊಳ್ಳಾಕ? ಒಂದಕ್ಕ 'ಆಗಂಗಿಲ್ಲ' ಅಂದ್ರೂ ಸಾಕ್ರಿ, ನರ್ಸಮ್ಮಾರನ್ನ ಮನಿಗೇ ಕರ್ಕೊಂಡು ಬರ್ತೀನಿ. ಒಳಗ ಬಂದು ನೋಡ್ಲೇನ್ರಿ?"

ಒಳಗೆ ಬಂದು ನೋಡುವುದು. ನರ್ಸ್ ಬರುವುದು. ಹೊದಿಕೆ ಸರಿಸುವುದು. ಆ ವಾಸನೆ. ಆಮೇಲೆ ನನ್ನ ಮುಖ ನೋಡುವುದು — ಇಷ್ಟು ಓದಿದ ಹೆಂಗಸು, ಮನೆಯ ಹಿರಿಯಳನ್ನು ಹೀಗೆ ಇಟ್ಟಿದ್ದಾಳೆ ಎಂದು. ನಾನು ಕೈ ಹಿಂದೆ ಚಾಚಿ ಕೋಣೆಯ ಬಾಗಿಲನ್ನು ಎಳೆದುಕೊಂಡೆ.

"ಷಿ ಈಸ್ ಪರ್ಫೆಕ್ಟ್‌ಲಿ ಇಂಡಿಪೆಂಡೆಂಟ್" ಅಂದೆ.

ಅವಳಿಗೆ ಇಂಗ್ಲಿಷ್ ಬಾರದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಆಡಿದೆ. ನನ್ನ ಇಂಗ್ಲಿಷಿಗೆ ಜನ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ, ಅದನ್ನು ಕಚೇರಿಯಲ್ಲೇ ಕಲಿತಿದ್ದೆ. ಅವಳೂ ಸರಿದಳು.

"ಅಂದ್ರ... ಏನ್ರಿ ಅಮ್ಮಾರ?"

"ಎಲ್ಲಾ ಅವರೇ ಮಾಡ್ಕೋತಾರೆ ಅಂತ. ಆರಾಮಿದ್ದಾರೆ. ನಾನೇ ಸೆಂಟರಿಗೆ ಕರ್ಕೊಂಡು ಬರ್ತೀನಿ."

ಅವಳು ಎಲ್ಲಕ್ಕೂ ರೈಟ್ ಹಾಕಿಕೊಂಡು ಹೋದಳು. ನಾನು ಬಾಗಿಲು ತೆಗೆದೆ. ಅಕ್ಕ ಮಲಗಿದ್ದರು, ಏನೂ ಕೇಳಿಸಿರಲಿಲ್ಲ ಎಂದು ನಂಬಲು ನಾನು ಏನನ್ನಾದರೂ ಕೊಟ್ಟೇನು. ಆದರೆ ಅವರ ಕಣ್ಣು ಬಾಗಿಲ ಮೇಲೇ ಇತ್ತು.

"ಎಲ್ಲಾ ನಾನ ಮಾಡ್ಕೊಂತೀನೇನವ್ವ?" ಅಂದರು. ಸಿಟ್ಟಿರಲಿಲ್ಲ ದನಿಯಲ್ಲಿ. "ಹಂಗಾರ ನಾ ಎದ್ದು ಬರ್ಲೇನು, ಸೂಜಿಗಿ?"

ಅಷ್ಟೇ. ಆಮೇಲೆ ಲಸಿಕೆಯ ಮಾತನ್ನು ಅವರು ಎತ್ತಲಿಲ್ಲ. ನಾನು ಬಿಗಿ ತೋಳಿನ ಕುಪ್ಪಸ ತೊಡಿಸಿದರೂ ತೋಳು ಚಾಚಿಕೊಟ್ಟರು. ಆಗಲೂ ಕಾಲ ಮಿಂಚಿರಲಿಲ್ಲ — ಓಣಿಯ ತುದಿಯಲ್ಲೇ ಹುಲಿಗೆಮ್ಮನ ಮನೆ, ಒಂದು ಕೂಗು ಸಾಕಿತ್ತು. ಅವಳೇ ಎರಡು ಮೂರು ಸಲ ಫೋನ್ ಮಾಡಿದಳು: ಗಿರಿಜಮ್ಮಾರು ಇನ್ನೂ ಬಂದಿಲ್ಲಲ್ರಿ? ನಾಳೆ ಅಂದೆ. ನಾಡಿದ್ದು ಅಂದೆ. ಕೊನೆಗೆ, "ಅವರಿಗೆ ಸೂಜಿ ಅಂದ್ರೆ ಭಯಮ್ಮ, ಒಲ್ಲೆ ಅಂತಾರೆ" ಅಂದುಬಿಟ್ಟೆ. ಹಾಗೆ ಅಕ್ಕ ಲಸಿಕೆ ನಿರಾಕರಿಸಿದವರಾದರು.

ಚಳಿಗಾಲದಲ್ಲಿ ಜ್ವರ ಬಂತು. ಮೊದಲು ನನಗೆ, ಎರಡು ದಿನದ ಕೆಮ್ಮು, ಹೋಯಿತು. ಆಮೇಲೆ ಅವರಿಗೆ. ಆಸ್ಪತ್ರೆಯಲ್ಲಿ ಅವರನ್ನು ಮಗ್ಗುಲಿಗೆ ಹೊರಳಿಸಿದ ನರ್ಸ್ ಒಂದು ಕ್ಷಣ ಹಾಗೇ ನಿಂತಳು, ನನ್ನನ್ನು ನೋಡಿದಳು, ಗಾಯ ತೊಳೆಯತೊಡಗಿದಳು. ನಾನು ಯಾವ ನೋಟಕ್ಕೆ ಹೆದರಿ ಬಾಗಿಲು ಎಳೆದುಕೊಂಡಿದ್ದೆನೋ ಆ ನೋಟ ಅಷ್ಟೇ ಇತ್ತು. ಒಂದು ಕ್ಷಣ. ಅದಕ್ಕಾಗಿ...

ಐದನೆಯ ದಿನ ಅಕ್ಕ ಹೋದರು. ಲಸಿಕೆ ಹಾಕಿಸಿದ್ದರೆ ಉಳಿಯುತ್ತಿದ್ದರೇ ಎಂದು ಡಾಕ್ಟರನ್ನು ಕೇಳಿದೆ. ಈ ವಯಸ್ಸಿನಲ್ಲಿ ಹಾಸಿಗೆ ಹಿಡಿದವರಿಗೇ ಅದು ಹೆಚ್ಚು ಬೇಕಾಗಿತ್ತು, ಆದರೂ ಖಚಿತವಾಗಿ ಹೇಳಲಾಗದು ಅಂದರು. ಎಷ್ಟೋ ಕಾಲ ನಾನು ಆ ಮಾತಿನ ಎರಡನೆಯ ಅರ್ಧವನ್ನಷ್ಟೇ ನೆನಪಿಟ್ಟುಕೊಂಡೆ.

ಇಲ್ಲಿಗೆ ಮುಗಿದಿದ್ದರೆ ಬಹುಶಃ ಇದನ್ನು ಬರೆಯುತ್ತಿರಲಿಲ್ಲ. ಅಕ್ಕನ ದಿನಕರ್ಮಗಳು ಮುಗಿದ ಮೇಲೆ ಹುಲಿಗೆಮ್ಮ ಬಂದಳು. ಲಸಿಕೆ ಇಲ್ಲದೆ ನಿನ್ನ ಓಣಿಯಲ್ಲಿ ಸಾವು ಹೇಗಾಯಿತು ಎಂದು ಮೇಲಿನವರು ಕೇಳಿದ್ದರಂತೆ. ಬಂದವಳೇ ನನ್ನ ಕಾಲು ಹಿಡಿದಳು.

"ತಪ್ಪು ನಂದ್ರಿ ಅಮ್ಮಾರ. ಭಯ ಅಂದ್ರ ನಾನ ಬಂದು ಕುಂತು, ಮಾತಾಡ್ಸಿ ಒಪ್ಪಿಸ್ಬೇಕಿತ್ತು. ಭಾಳ ತಪ್ಪಾತ್ರಿ."

ನಾನು ಅವಳನ್ನು ಎಬ್ಬಿಸಿದೆ. ತಲೆ ಸವರಿದೆ. "ಇರಲಿ ಬಿಡಮ್ಮ, ಮನಸ್ಸಿಗೆ ಹಚ್ಚಿಕೋಬೇಡ" ಅಂದೆ. ಅವಳನ್ನು ಕ್ಷಮಿಸಿದೆ. ನಾನು, ಅವಳನ್ನು!

ಅವಳು ಆ ಕೆಲಸ ಬಿಟ್ಟಳೆಂದು ಮುಂದೆ ಯಾರೋ ಹೇಳಿದರು. ಕುರೆಕುಪ್ಪದಲ್ಲಿ ಮನೆ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕ್ಯಾಂಟೀನೊಂದರಲ್ಲಿ ಅಡಿಗೆ ಕೆಲಸ. ಹೋದ ತಿಂಗಳು ಬಸ್ ಹತ್ತಿ ಹೋದೆ. ಮಧ್ಯಾಹ್ನದ ಶಿಫ್ಟಿಗೆ ತಯಾರಾಗಿ ಬಾಗಿಲಲ್ಲೇ ನಿಂತಿದ್ದಳು. "ಅಯ್ಯ, ಅಮ್ಮಾರ! ಬರ್ರಿ, ಕುಂದ್ರಿ" ಅಂದಳು. ನಾನು ಕೂರಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ — ಬಾಗಿಲು, ಹುಣ್ಣು, ಫೋನಿನಲ್ಲಿ ಹೇಳಿದ ಸುಳ್ಳು, ಅಕ್ಕನ ಮಾತು.

ಅವಳು ಕೈಯಲ್ಲಿದ್ದ ಬೀಗವನ್ನೇ ನೋಡುತ್ತಾ ನಿಂತಳು.

"ನಾ ಬೈತೀನಿ ಅನ್ಕೊಂಡ್ರೇನ್ರಿ?" ಅಂದಳು ಕೊನೆಗೆ. "ನಮ್ಮತ್ತಿಗೂ ಆಗಿತ್ರಿ ಹಂಥಾ ಹುಣ್ಣು. ನೀವು ಒಳಗ ಬಿಟ್ಟಿದ್ರ, ಬಿಸ್ನೀರು ಕಾಸ್ರಿ ಅಂದು, ಸೀರಿ ಮ್ಯಾಲ ಕಟ್ಟಿ, ನಾನ ತೊಳೀತಿದ್ದೆ. ಅರ್ಧ ತಾಸಿನ ಕೆಲಸ ಇತ್ರಿ ಅದು."

ರಸ್ತೆಯಲ್ಲಿ ಕಂಪನಿ ಬಸ್ಸು ಹಾರನ್ ಹೊಡೆಯಿತು. ಅವಳು ಬೀಗ ಹಾಕಿಕೊಂಡು ಹೋದಳು.

ಕ್ಷಮೆ ಕೇಳಬೇಕೆಂದು ಹೋಗಿದ್ದೆ. ಕೇಳಲಿಲ್ಲ. ಕೇಳಿದ್ದರೆ ಅವಳು ಕೊಟ್ಟುಬಿಡುತ್ತಿದ್ದಳು.